ಕೇಂದ್ರದ ದಡ, ರಾಜ್ಯದ ನೀರು

ಗಂಡ ಹೆಂಡತಿ ಇರುವ ಪ್ರತಿ ಮನೆಯಲ್ಲೂ ಒಂದು ಕೇಂದ್ರ ಸರ್ಕಾರ, ಒಂದು ರಾಜ್ಯ ಸರ್ಕಾರ ಇರುತ್ತವೆ. ನಮ್ಮ ಮನೆಯಲ್ಲಿ ಕೇಂದ್ರ ನಾನೇ ಎಂದು ಬಹುಕಾಲ ನಂಬಿದ್ದೆ. ಕೇಂದ್ರದ ನೌಕರಿ ಹಿಡಿದು ಧಾರವಾಡದಿಂದ ಕೋಲ್ಕತ್ತಕ್ಕೆ ಬಂದವನು ನಾನು. ಆ ಗತ್ತು ಪಿಂಚಣಿಯ ಜೊತೆ ಮನೆಗೂ ಬಂತು. ವಿದೇಶಾಂಗ, ಅಂದರೆ ಅಕ್ಕಪಕ್ಕದ ಬಂಗಾಳಿಗಳ ಜೊತೆ ಹರಟೆ, ನನ್ನದು. ರಕ್ಷಣೆ, ಅಂದರೆ ಬೀದಿನಾಯಿಗೆ ಕೋಲು ತೋರಿಸುವುದು, ಅದೂ ನನ್ನದು. ಅಡುಗೆ, ನೀರು, ಮನೆಯ ಶಾಂತಿ ಸುವ್ಯವಸ್ಥೆ ಹೆಂಡತಿ ಸುಮಿತ್ರೆಯದು. ಫ್ಯಾನಿನ ವೇಗ ಇಬ್ಬರಿಗೂ ಸೇರಿದ್ದು. ಜಗಳ ಬಂದರೆ ಕೇಂದ್ರದ ಮಾತೇ ನಡೆಯಬೇಕು, ಸಂವಿಧಾನವೇ ಹಾಗನ್ನುತ್ತದೆ ಎಂದು ಒಮ್ಮೆ ವಾದಿಸಿದೆ. “ಹಂಗಾರ ಇವತ್ತಿನ ಅಡಗಿನೂ ದಿಲ್ಲಿಯಿಂದನ ತರಸ್ರಿ” ಎಂದಳು. ಫ್ಯಾನು ಅವಳು ಹೇಳಿದಷ್ಟೇ ತಿರುಗಿತು.

ಹೀಗೆ ತಮಾಷೆ ಮಾಡುತ್ತಿದ್ದವನ ಹಿತ್ತಲಲ್ಲೇ ಅದೇ ಸಂವಿಧಾನ ಕೊಳೆಯುತ್ತ ನಿಂತಿತ್ತು. ನಗರದ ಉತ್ತರ ತುದಿಯಲ್ಲಿರುವ ನಮ್ಮ ಪಾಡಾದ, ಅಂದರೆ ಬಂಗಾಳಿಗಳು ಹೇಳುವ ಓಣಿಯ, ಹಿಂದೆ ಒಂದು ಕಾಲುವೆ ಇದೆ. ಆಚೆ ದಡ ಕೇಂದ್ರದ ಯಾವುದೋ ಇಲಾಖೆಯ ಜಾಗ, ಈಚೆ ದಡ ರಾಜ್ಯದ್ದು. ನಡುವೆ ಎಲ್ಲಿಗೂ ಹರಿಯದ ನೀರು, ನೀರಿನ ತುಂಬ ಸೊಳ್ಳೆ. ಕೇಂದ್ರದ ಕಚೇರಿಗೆ ಹೋದೆ. ನನ್ನ ನೌಕರಿಯ ಪ್ರತಾಪವನ್ನೆಲ್ಲ ಕೇಳಿಸಿಕೊಂಡ ಅಧಿಕಾರಿ, “ದಡ ನಮ್ಮದು ಸರ್, ನೀರು ರಾಜ್ಯದ ವಿಷಯ” ಎಂದ. ರಾಜ್ಯದ ಕಚೇರಿಯವನು ನನ್ನನ್ನು ‘ಕಾಕು’ ಎಂದು ಚಿಕ್ಕಪ್ಪನ ಸ್ಥಾನದಲ್ಲಿ ಕೂರಿಸಿ ಚಹಾ ಕೊಟ್ಟ. “ನೀರು ನಮ್ಮದೇ ಕಾಕು. ಆದರೆ ಎತ್ತುವ ಯಂತ್ರ ನಿಲ್ಲಬೇಕಾದದ್ದು ಅವರ ದಡದ ಮೇಲೆ. ಅಲ್ಲಿ ಕಾಲಿಡಲು ದಿಲ್ಲಿ ಒಪ್ಪಬೇಕಲ್ಲ?” ಇಬ್ಬರು ಹೇಳಿದ್ದೂ ಸರಿಯೇ. ಹಾಗೆ ಇಬ್ಬರೂ ಸರಿಯಾಗಿದ್ದ ಕಾಲದಲ್ಲೇ ಪಕ್ಕದ ಮನೆಯ ಬಿಶುದಾ ಡೆಂಗಿ ಬಂದು ತೀರಿಕೊಂಡರು. ನನ್ನ ಸುಳ್ಳುಗಳನ್ನೆಲ್ಲ ಕೇಳಿ, ಮೇಲೆ ಚಹಾವನ್ನೂ ಕೊಡಿಸುತ್ತಿದ್ದ ಪುಣ್ಯಾತ್ಮರು.

ನಾನು ಸುಮ್ಮನೆ ಕೂರುವ ಮುದುಕನಲ್ಲ. ನೌಕರಿಯಲ್ಲಿದ್ದಾಗ, ಇಲ್ಲದ ತನಿಖಾಧಿಕಾರಿಯನ್ನು ಹುಟ್ಟಿಸಿ ಇಡೀ ಕಚೇರಿಗೆ ಸುಣ್ಣ ಬಳಿಸಿದವನು! ಬೇಡವಾದ ವಸ್ತುವಿಗೆ ಯಾರೂ ವಾರಸುದಾರರಿಲ್ಲ, ಅದನ್ನೇ ಬೇಕು ಅನ್ನುವಂತೆ ಮಾಡಿದರೆ ಇಬ್ಬರೂ ಓಡಿ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಕಾಲುವೆ ಮುಚ್ಚಿ ರಾಜ್ಯದವರು ಅಂಗಡಿ ಸಾಲು ಕಟ್ಟುತ್ತಾರಂತೆ ಎಂದು ಕೇಂದ್ರದ ಕಚೇರಿಯಲ್ಲಿ ಪಿಸುಗುಟ್ಟಿದೆ. ಕೇಂದ್ರದವರು ಕಟ್ಟುತ್ತಾರಂತೆ ಎಂದು ರಾಜ್ಯದ ಕಚೇರಿಯಲ್ಲಿ. ವಾರ ಕಳೆಯುವುದರಲ್ಲಿ ಎರಡೂ ದಡದಲ್ಲಿ ಬೋರ್ಡು ಎದ್ದವು: ಈ ಜಾಗ ನಮ್ಮದು. ನಾನು ಮೀಸೆ ತಿರುವಿಕೊಂಡು ಪಾಡಾ ಸುತ್ತಿದೆ. “ಭಾಳ ಶಾಣ್ಯಾ ಆಗಬ್ಯಾಡ್ರಿ, ಮೊದಲ ನೀರು ಹೋಗ್ಲಿ” ಎಂದಳು ಸುಮಿತ್ರೆ.

ನೀರು ಹೋಗಲಿಲ್ಲ, ಜಗಳ ಕೋರ್ಟಿಗೆ ಹೋಯಿತು. ತೀರ್ಪು ಬರುವವರೆಗೆ ಯಾರೂ ಏನನ್ನೂ ಮುಟ್ಟಕೂಡದು ಎಂದು ಆದೇಶ ಬಂತು. ಅದಕ್ಕೆ ಮುಂಚೆ ಪಾಡಾದ ಕ್ಲಬ್ಬಿನ ಹುಡುಗರು ಸೊಳ್ಳೆ ಸಾಯಲೆಂದು ಆಗಾಗ ನೀರಿಗೆ ಸುಟ್ಟ ಎಣ್ಣೆಯನ್ನಾದರೂ ಸುರಿಯುತ್ತಿದ್ದರು. ಈಗ ಅದೂ ನಿಂತಿತು. ಆ ದಡಕ್ಕೊಬ್ಬ, ಈ ದಡಕ್ಕೊಬ್ಬ ಕಾವಲುಗಾರ ಬಂದು ಸ್ಟೂಲು ಹಾಕಿಕೊಂಡು ಕೂತರು. ದಿನವಿಡೀ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳುವುದಷ್ಟೇ ಅವರ ಕೆಲಸ.

ಆಮೇಲೆ ಸುಮಿತ್ರೆಗೆ ಜ್ವರ ಬಂತು. ಡೆಂಗಿಯೇ. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದುಕೊಂಡು ಕೂತಾಗ ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ. ಜ್ವರ ಇಳಿಯಿತು. ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಇನ್ನೊಂದು ಸಲ ಬಂದರೆ ಈ ವಯಸ್ಸಿನಲ್ಲಿ ತಡೆಯೋದು ಕಷ್ಟ. ಅವರು ಮನೆಗೆ ಬರೋದರೊಳಗೆ ಆ ನೀರು ಹೋಗಲೇಬೇಕು” ಎಂದರು. ನಾಳೆ ಅವಳನ್ನು ಮನೆಗೆ ಕಳಿಸುತ್ತಾರೆ.

ಇವತ್ತು ಬೆಳಿಗ್ಗೆ ಬಕೆಟ್ ಹಿಡಿದು ನಾನೇ ಕಾಲುವೆಗೆ ಇಳಿದೆ. ಕಾವಲುಗಾರರಿಬ್ಬರೂ ಎದ್ದು ನಿಂತರು. “ಮುದುಕನನ್ನು ಹಿಡಿ, ಪೊಲೀಸು ನಿಮ್ಮದಲ್ಲವಾ?” ಎಂದ ಆಚೆಯವನು. “ಕಾಲಿಟ್ಟಿರೋದು ನಿಮ್ಮ ಕಡೆ, ನೀನೇ ಹಿಡಿ” ಎಂದ ಈಚೆಯವನು. ಅವರು ಅಧಿಕಾರ ಹಂಚಿಕೊಳ್ಳುತ್ತಿರುವಾಗ ನಾನು ಬಕೆಟ್ ತುಂಬಿದೆ. ಆದರೆ ಸುರಿಯುವುದು ಎಲ್ಲಿ? ಆಚೆ ಎತ್ತಿದರೆ ಅವನು ಕೂಗಿದ, ಈಚೆ ಎತ್ತಿದರೆ ಇವನು. ಕೊನೆಗೆ ಮನೆಯೊಳಕ್ಕೇ ಹೊತ್ತುಕೊಂಡು ಹೋದೆ. ಮಧ್ಯಾಹ್ನದವರೆಗೂ ಹೊತ್ತೆ. ಸೊಂಟ ನನ್ನದಲ್ಲವೆನ್ನುವಂತಾದಾಗ ಆಸ್ಪತ್ರೆಯಿಂದ ಸುಮಿತ್ರೆಯ ಫೋನು ಬಂತು. ಪಾಡಾದವರು ಯಾರೋ ಅವಳಿಗೆ ಆಗಲೇ ಸುದ್ದಿ ಮುಟ್ಟಿಸಿದ್ದರು.

“ನೀರು ಎಲ್ಲಿ ಚೆಲ್ಲಿದ್ರಿ?”

“ನಮ್ಮ ಬಚ್ಚಲದಾಗ. ಅಲ್ಲಿ ಯಾರ ಅಪ್ಪಣಿನೂ ಬೇಕಿಲ್ಲ!”

ಅವಳು ಮೆಲ್ಲಗೆ ಕೇಳಿದಳು, “ಬಚ್ಚಲದ ನೀರು ಎಲ್ಲಿ ಹೋಗ್ತದ, ಗೊತ್ತದ ಏನ್ರೀ?”

ಗೊತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಬಗ್ಗಿ ನೋಡಿದೆ. ನಮ್ಮ ಗೋಡೆಯಿಂದ ಹೊರಟ ಕೊಳವೆ ನೆಟ್ಟಗೆ ಕಾಲುವೆಗೇ ಬಾಯಿ ತೆರೆದು, ನಾನು ಹೊತ್ತ ನೀರನ್ನೆಲ್ಲ ಅದೇ ಜಾಗಕ್ಕೆ ತಿರುಗಿ ಒಪ್ಪಿಸುತ್ತಿತ್ತು. ಕಾವಲುಗಾರರೂ ನೋಡಿದರು. “ಕಾಕು, ಈ ನೀರು ಯಾರದು?” ಎಂದು ಮೊದಲ ಸಲ ಇಬ್ಬರೂ ಒಂದೇ ದನಿಯಲ್ಲಿ ಕೇಳಿದರು.

“ಕೊಳವೆ ನನ್ನದಪ್ಪ” ಎಂದೆ. “ನೀರಿನ ವಿಷಯ ನಮ್ಮ ಮನೆಯವಳದು. ನಾಳೆ ಬರ್ತಾಳೆ, ಅವಳನ್ನೇ ಕೇಳಿ.”