ಒಂದು ಹೆಜ್ಜೆಗೆ ಐದು ನಿಮಿಷ

ಎಲ್ಲಕ್ಕೂ ಕಾರಣ ಒಂದು ಪೆನ್ನಿನ ಮುಚ್ಚಳ. ಅದು ಉರುಳಿ ಬೆಂಚಿನ ಕೆಳಗೆ ಹೋಯಿತು, ಬೀದಿಯವರೆಲ್ಲ 'ನಿಧಾನ ಮೇಷ್ಟ್ರು' ಎಂದು ಕರೆಯುವ ನಮ್ಮ ಮೇಷ್ಟ್ರು ಅವಸರದಲ್ಲಿ ಬಗ್ಗಿದರು, ಸೊಂಟ ಹಿಡಿದುಕೊಂಡಿತು. 'ಮೈಮೇಲೆ ಗಮನವಿಟ್ಟು ಚಲಿಸುವುದನ್ನು ಕಲಿಸಲಾಗುವುದು' ಎಂದು ಬೋರ್ಡು ಹಾಕಿಕೊಂಡವರಿಗೆ ಇದಕ್ಕಿಂತ ಮಾನಗೇಡು ಇನ್ನೇನಿದೆ?

ಬೋರ್ಡು ಹಾಕಿ ಆರು ತಿಂಗಳಾಗಿತ್ತು. ಈವರೆಗೆ ಬಾಗಿಲು ತಟ್ಟಿದವನು ಒಬ್ಬನೇ. ಮೊದಲು ವಿಳಾಸ ಕೇಳಲು, ಆಮೇಲೆ ಅದು ಸಿಗಲಿಲ್ಲವೆಂದು ಬೈಯಲು. ಕೊನೆಗೆ 'ಮೊದಲ ದಿನ ಉಚಿತ' ಎಂದು ಮನೆಮನೆಗೆ ಚೀಟಿ ಹಂಚಿದ್ದರು. ಹೆಂಡತಿಯೂ ಬೆಳಗ್ಗೆಯೇ ತೀರ್ಪು ಕೊಟ್ಟಿದ್ದಳು: "ಇವತ್ತು ಐದು ಜನ ಹೆಸರು ಬರೆಸಿದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ನನ್ನ ತಮ್ಮನ ಟೈರ್ ಅಂಗಡೀಲಿ ಕೂತ್ಕೊಳ್ಳಿ."

ಸರಿಯಾಗಿ ಸೊಂಟ ಹಿಡಿದ ಹೊತ್ತಿಗೇ ಐದು ಜನ ಒಳಗೆ ಬಂದರು. ಮುಂದಾಳು ಎದುರುಮನೆಯ ರಿಟೈರ್ಡ್ ಮ್ಯಾನೇಜರು. ಮೇಷ್ಟ್ರು ಅರ್ಧ ಮಡಿಸಿದ ಕುರ್ಚಿಯ ಹಾಗೆ ನಿಂತಿದ್ದರು. ಏಳಲಾಗದು, ಕೂರಲಾಗದು, ನಿಜ ಹೇಳಲಂತೂ ಆಗದು.

"ಶುರು ಆಯ್ತಾ ಸಾರ್?"

"ಆ... ಯ್ತು," ಎಂದು ಮೇಷ್ಟ್ರು ನರಳಿದರು.

ಐವರೂ ಹಾಗೇ ಬಗ್ಗಿದರು. ಮೇಷ್ಟ್ರು ಗೋಡೆ ಹಿಡಿದು ಹೆಜ್ಜೆಯಿಟ್ಟರೆ ಅವರೂ ಗೋಡೆ ಹಿಡಿದರು. "ಅಯ್ಯಯ್ಯೋ" ಎಂದರೆ ಅವರೂ ಭಕ್ತಿಯಿಂದ "ಅಯ್ಯಯ್ಯೋ" ಎಂದರು.

"ಒಂದು ಹೆಜ್ಜೆಗೆ ಐದು ನಿಮಿಷ! ಏನ್ ಏಕಾಗ್ರತೆ ರೀ!" ಮ್ಯಾನೇಜರು ಕಣ್ಣೊರೆಸಿಕೊಂಡರು. "ನಾವೆಲ್ಲಾ ಸೇರ್ತೀವಿ ಸಾರ್. ಹೆಸರು ಎಲ್ಲಿ ಬರೀಬೇಕು?"

ಮೇಷ್ಟ್ರಿಗೆ ಅಳು ಬಂತು. ನೋವಿಗೋ ಸಂತೋಷಕ್ಕೋ ಅವರಿಗೇ ತಿಳಿಯಲಿಲ್ಲ. ಪುಸ್ತಕವಿದ್ದ ಮೇಜು ನಾಲ್ಕು ಹೆಜ್ಜೆ ದೂರ, ಅಂದರೆ ಇಪ್ಪತ್ತು ನಿಮಿಷ.

ಎರಡನೇ ಹೆಜ್ಜೆ ಎತ್ತುವಷ್ಟರಲ್ಲಿ ಭಾಮೈದ ಮಸಿಗೈಯಲ್ಲೇ ಬಂದ. ತಲೆ ಎಣಿಸಿಕೊಂಡು ಬಾ ಎಂದು ಅಕ್ಕ ಕಳಿಸಿದ್ದಳು.

"ಏನ್ ಭಾವ, ಸೊಂಟ ಹಿಡ್ಕೊಂಡಿದ್ಯಾ? ತಡೀರಿ!"

"ಬೇಡ ಕಣೋ..." ಎನ್ನುವ ಮೊದಲೇ ಅವನು ಲಾರಿ ಟೈರು ಎತ್ತುವಂತೆ ಹಿಂದಿನಿಂದ ತಬ್ಬಿ ಎತ್ತಿ ಒಮ್ಮೆ ಕೊಡವಿದ. ಲಟಕ್! ಮೇಷ್ಟ್ರು ನೆಟ್ಟಗೆ ನಿಂತರು. ನೋವು ಮಂಗಮಾಯ.

ಗುಟ್ಟೂ ರಟ್ಟಾಯಿತು. ಇನ್ನು ತನ್ನ ಬದುಕು ಮುಗಿಯಿತು ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ಆದರೆ ಯಾರೂ ಬೈಯಲಿಲ್ಲ, ಯಾರೂ ಹೊರಟು ಹೋಗಲಿಲ್ಲ. ಕಣ್ಣು ಬಿಟ್ಟರೆ, ಮ್ಯಾನೇಜರು ಭಾಮೈದನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಹಿಂದೆ ನಾಲ್ವರ ಸಾಲು.

"ಇಪ್ಪತ್ತು ವರ್ಷದ ನೋವಪ್ಪಾ. ನನಗೂ ಒಂದ್ಸಲ!"

ಐದು ಸಲ ಲಟಕ್ ಎಂದಿತು. ಪುಸ್ತಕದಲ್ಲಿ ಐದು ಹೆಸರೂ ಬಿದ್ದವು. ಮೇಷ್ಟ್ರು ಮೂರು ಸಲ ಎಣಿಸಿದರು. ಐದೇ!

"ಹಾಗಾದ್ರೆ ನಾಳೆ ನಾನು ಅಂಗಡಿಗೆ ಬರೋದು ಬೇಡ, ಅಲ್ವೇನೋ?"

ಭಾಮೈದ ಅಂಗಡಿಯ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟ.

"ನಾಳೆ ಬೇಗ ಹೋಗಿ ತೆಗೀರಿ ಭಾವ. ಬೆಳಗ್ಗೆ ನನಗೆ ಇಲ್ಲಿ ಕ್ಲಾಸಿದೆ."