ಅಧಿಕ ಮಾಸದ ಸಾಲಿಟೇರ್

ಇಸ್ಪೀಟನ್ನು ಅದೃಷ್ಟದ ಆಟವೆನ್ನುವವರಷ್ಟು ದಡ್ಡರು ಈ ಭೂಮಂಡಲದಲ್ಲಿಲ್ಲ. ಹುಮನಾಬಾದಿನ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಅಂಥವರು ಕುರ್ಚಿಗೊಬ್ಬರಂತೆ ಕೂತಿದ್ದಾರೆ. ಸಂಖ್ಯಾಶಾಸ್ತ್ರ ಕಲಿಸುವ ನಾನು ಅವರ ಕಣ್ಣು ತೆರೆಸಲು ಸಂಕಲ್ಪ ಮಾಡಿದೆ. ಒಬ್ಬರೇ ಆಡುವ ಸಾಲಿಟೇರ್‌ನಲ್ಲಿ ಎರಡು ಬಗೆ: ಕಟ್ಟಿನಿಂದ ಒಂದೊಂದೇ ಎಲೆ ತಿರುವುವುದು, ಮೂರು ಮೂರು ತಿರುವುವುದು. ಯಾವುದರಲ್ಲಿ ಗೆಲುವು ಎಷ್ಟೆಂದು ಆಡಿಯೇ ಅಳೆದುಬಿಡುವೆ!

ಗಣಿತದ ವೈಜನಾಥ ನಕ್ಕ. "ಮೊಬೈಲ್‌ನ್ಯಾಗ ಆಡ್ಸಿ ಲೆಕ್ಕ ಹಾಕೀನ್ರಿ ಸರ. ಮೂರ್ ಎಲಿ ಆಟ ಹತ್ತರಾಗ ಒಂದೆರಡು ಗೆದ್ರ ಭಾಳ ಆತು."

"ಮೊಬೈಲ್ ಆಡಿದ್ದು ಆಟ ಏನ್ರಿ? ನಾ ಆಡಿ ತೋರಸ್ತೀನಿ."

ಅದಕ್ಕಿಂತ ಹೆಚ್ಚು ಗೆಲ್ಲುವೆನೆಂದು ಪಣಕ್ಕೆ ನನ್ನ ಕುರ್ಚಿಯನ್ನೇ ಇಟ್ಟೆ. ಸ್ಟಾಫ್‌ರೂಮಿನಲ್ಲಿ ತಿರುಗುವುದು ಒಂದೇ ಫ್ಯಾನು. ಅದರ ಕೆಳಗಿನ ಆ ಕುರ್ಚಿಗಾಗಿ ನಾನು ಹಿರಿಯರ ನಿವೃತ್ತಿಗೆ ವರ್ಷಗಟ್ಟಲೆ ಕಾದಿದ್ದೆ.

ಅಷ್ಟರಲ್ಲಿ ಅಧಿಕ ಮಾಸ ಬಂತು. ಅಳಿಯನನ್ನು ಕರೆದು ಉಪಚರಿಸಿ ಪುಣ್ಯ ಕಟ್ಟಿಕೊಳ್ಳುವ ತಿಂಗಳು. ಹೆಂಡತಿ ಉಮಾದೇವಿಯೊಂದಿಗೆ ಬಸವಕಲ್ಯಾಣದ ಮಾವನ ಮನೆಗೆ ಹೋದೆ. ಅಲ್ಲಿ ಕೇರಂ ಆಡಿದರೂ ಅಳಿಯನೆಂದು ಬೇಕಂತಲೇ ಸೋಲುತ್ತಾರೆ. ಸಾಲಿಟೇರ್‌ನಲ್ಲಿ ಸೋಲಲು ಎದುರಾಳಿಯೇ ಇಲ್ಲ. ಇದಕ್ಕಿಂತ ಶುದ್ಧವಾದ ಪ್ರಯೋಗ ಇನ್ನೆಲ್ಲಿ ನಡೆದೀತು!

ಪಡಸಾಲೆಯಲ್ಲಿ ಆಡುವಾಗ, ಮೊದಲು ಬೇಕಾದ ಎಕ್ಕಾ ಮಗುಚಿದ ಎಲೆಗಳ ಅಡಿಯಲ್ಲಿ ಸಿಕ್ಕಿಕೊಂಡು ಆಟ ನಿಂತರೆ ನಾನು ಹುಬ್ಬು ಗಂಟಿಕ್ಕುತ್ತಿದ್ದೆ. ಆಗ ಅತ್ತೆ ಗಂಗುಬಾಯಿ ಬಂದು, "ಏಳ್ರಿ ಅಳ್ಯಾರ, ಒಳಗ ಚಾ ಆರಾಕತ್ತದ" ಎನ್ನುತ್ತಿದ್ದರು. ಚಹಾ ಕುಡಿದು ಬಂದರೆ ಆಟ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಎರಡೂ ಬಗೆಯಲ್ಲಿ ನೂರಕ್ಕೆ ತೊಂಬತ್ತು ಗೆಲುವು! ಚಹಾದಿಂದ ಬುದ್ಧಿ ಚುರುಕಾಗುತ್ತದೆಂಬ ಸಿದ್ಧಾಂತವೂ ಜೊತೆಗೇ ಹುಟ್ಟಿತು. ಅದನ್ನು ಮಾವ ಅಮೋಘಸಿದ್ದಪ್ಪನವರಿಗೆ ವಿವರಿಸಿದೆ. ಕುರಿಹಿಂಡಿನಾಚೆ ಏನೂ ಅರಿಯದವರು, ಪಾಪ, ತಲೆಯಾಡಿಸಿದರು. ಮರಳುವಾಗ ಬಸ್ಸು ನಡುದಾರಿಯ ರಾಜೇಶ್ವರ ಊರು ಮುಟ್ಟುವ ಮೊದಲೇ ವೈಜನಾಥನಿಗೆ ಫೋನು ಮಾಡಿ, ಕುರ್ಚಿಯ ಆಸೆ ಬಿಡು ಎಂದೆ.

ಸೋಮವಾರ ಎಲ್ಲರೆದುರು ಆಡಲು ಕೂತೆ. ಮೊದಲ ಆಟವೇ ನಿಂತಿತು. ಚಹಾ ತರಿಸಿದೆ. ಎಕ್ಕಾ ಅಲ್ಲಾಡಲಿಲ್ಲ. ಮತ್ತೊಂದು ಚಹಾ, ಮತ್ತೊಂದು ಸೋಲು. ಸಂಜೆಯ ಹೊತ್ತಿಗೆ ಇಡೀ ಕ್ಯಾಂಟೀನು ನನ್ನ ಹೊಟ್ಟೆಯಲ್ಲಿತ್ತು, ವೈಜನಾಥ ಫ್ಯಾನಿನ ಕೆಳಗಿದ್ದ.

ಬೆವರೊರೆಸುತ್ತ ಮನೆಗೆ ಬಂದು ಉಮಾದೇವಿಯ ಮೇಲೆ ಹರಿಹಾಯ್ದೆ. "ಎಲಿ ಅವೇ, ಆಡಾಂವ ನಾನೇ. ಅಲ್ಲಿ ಗೆದ್ದಾಂವ ಇಲ್ಲಿ ಹ್ಯಾಂಗ ಸೋತೆ?"

"ಇಲ್ಲಿ ಅವ್ವ ಇಲ್ಲಲ್ರಿ," ಎಂದಳು ತಣ್ಣಗೆ. "ಅಧಿಕ ಮಾಸದಾಗ ಅಳಿಯ ಮಾರಿ ಸಣ್ಣ ಮಾಡ್ಕೊಂಡು ಹೋಗಬಾರ್ದಂತ, ನೀವು ಚಾಕ್ಕ ಎದ್ದಾಗ ಅಡಿಯಾಗಿನ ಎಕ್ಕಾ ತಗದು ಮ್ಯಾಲ ಇಡ್ತಿದ್ಲು. ಅಪ್ಪ ಬಾಗಲಾ ಕಾಯ್ತಿದ್ದ. ನಾ ನಿಮ್ಮ ಚಾಕ್ಕ ಸಕ್ರಿ ತಡಾ ಮಾಡಿ ಹಾಕ್ತಿದ್ದೆ."

ವಿಜ್ಞಾನಕ್ಕೆ ಇಂಥ ದ್ರೋಹವೇ! ಅತ್ತೆಗೆ ಫೋನು ಹಚ್ಚಿದೆ. "ಅತ್ತಿ, ಅದು ಒಬ್ರೇ ಆಡೋ ಆಟರಿ."

"ಯಾರ್ ಹೇಳಿದ್ರು ನಿಮಗ?" ಎಂದರು ಅತ್ತೆ. "ನಾವು ಮೂರೂ ಮಂದಿ ಆಡಾಕತ್ತಿದ್ದಿವಿ. ನೀವೊಬ್ರೇ ಚಾ ಕುಡ್ಯಾಕತ್ತಿದ್ರಿ."