ಅಪ್ಪೆಮಿಡಿಯ ಭರಣಿ ಮತ್ತು ನನ್ನ ಏಕಾಂಗಿ ಯಾತ್ರೆ

ಏನನ್ನಾದರೂ ಒಬ್ಬನೇ ಮಾಡಬೇಕೆಂಬ ಆಸೆ ಸಂಸಾರಸ್ಥನಿಗೆ ಐವತ್ತರ ಆಸುಪಾಸಿನಲ್ಲಿ ಹುಟ್ಟುತ್ತದೆ. ಕೆಲವರಿಗೆ ಅದು ಧ್ಯಾನವಾಗಿ, ಕೆಲವರಿಗೆ ಬೆಳಗಿನ ವಾಕಿಂಗ್ ಆಗಿ ಬಂದು ಹೋಗುತ್ತದೆ. ನನಗೆ ಸೈಕಲ್ಲಾಗಿ ಬಂತು. ಶಿವಮೊಗ್ಗದ ಒಂದೇ ಕಚೇರಿಯ ಒಂದೇ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತವನು ಶಿವಮೊಗ್ಗದಿಂದ ಮೈಸೂರಿಗೆ ಸೈಕಲ್ ತುಳಿಯುತ್ತೇನೆ, ಅದೂ ಒಬ್ಬನೇ, ಎಂದು ಸಾರಿಬಿಟ್ಟೆ. ಈ ‘ಒಬ್ಬನೇ’ಯನ್ನು ಒಂದು ತಿಂಗಳಲ್ಲಿ ಎಷ್ಟು ಜನರ ಮುಂದೆ ಒತ್ತಿ ಹೇಳಿದೆನೆಂದರೆ, ನನಗೂ ಹೆಂಡತಿಗೂ ಏನೋ ಜಗಳವಾಗಿದೆ ಎಂದು ನಮ್ಮ ಬೀದಿಯ ಅರ್ಧ ಜನ ನಂಬಿದ್ದರು.

ತಯಾರಿಯಲ್ಲಿ ಮಾತ್ರ ನಾನು ಕೊರತೆ ಮಾಡಲಿಲ್ಲ. ದೂರದ ಸೈಕಲ್ ಪ್ರಯಾಣದಲ್ಲಿ ಒಂದೊಂದು ಗ್ರಾಂ ತೂಕವೂ ಮುಖ್ಯ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದು ಕೇಳಿ ಟೂತ್ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದೆ. ಟವೆಲನ್ನೂ ಅರ್ಧ ಮಾಡಿದೆ. ನನ್ನ ಹೆಂಡತಿ ಸುಮಿತ್ರಾ ಇದನ್ನೆಲ್ಲ ಮಾತಾಡದೆ ನೋಡಿದಳು. ಆಕೆ ಮಾತಾಡದಿದ್ದಾಗಲೇ ನಾನು ಎಚ್ಚರವಾಗಬೇಕಿತ್ತು. ಶನಿವಾರ ರಾಹುಕಾಲ ಕಳೆಯಲಿ ಎಂದು ಹತ್ತೂವರೆಯವರೆಗೆ ಕೂರಿಸಿ, ಆರತಿ ಎತ್ತಿ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿ, ಆಮೇಲೆ ಒಳಗಿನಿಂದ ಒಂದು ದೊಡ್ಡ ಭರಣಿ ತಂದು ಕ್ಯಾರಿಯರ್ ಮೇಲಿಟ್ಟಳು.

"ಹೇಗೂ ಭದ್ರಾವತಿ ಮೇಲೇ ಹೋಗ್ತೀರಲ್ಲ. ಕಾಗದನಗರದ ಚಿಕ್ಕಮ್ಮಂಗೆ ಅಪ್ಪೆಮಿಡಿ ಉಪ್ಪಿನಕಾಯಿ. ಕೊಟ್ಟು ಹೋಗ್ಬಿಡಿ."

"ಮಾರಾಯ್ತಿ, ನಾನು ಬ್ರಷ್ ಕತ್ತರಿಸಿದ್ದು ಯಾಕೆ ಹೇಳು?"

"ಅದು ನಂಗೂ ಗೊತ್ತಾಗ್ಲಿಲ್ಲ," ಅಂದಳು.

ನಮ್ಮ ಕಡೆ ‘ಹೇಗೂ ಹೋಗ್ತೀರಲ್ಲ’ ಎಂಬ ಮಾತಿಗೆ ಎದುರು ಮಾತಿಲ್ಲ. ಯಾರೇ ಎಲ್ಲಿಗೇ ಹೊರಟರೂ ಬರಿಗೈಯಲ್ಲಿ ಹೋಗುವಂತಿಲ್ಲ. ನಮ್ಮ ಭಾವ ಆಪರೇಷನ್ನಿಗೆಂದು ಮಂಗಳೂರಿಗೆ ಹೋದಾಗಲೂ ಅವರ ಚೀಲದಲ್ಲಿ ಯಾರದೋ ಮದುವೆಯ ಕರೆಯೋಲೆ, ಇನ್ಯಾರಿಗೋ ಹಲಸಿನ ಹಪ್ಪಳದ ಕಟ್ಟು ಇತ್ತು. ಅವರನ್ನು ಒಳಗೆ ಕರೆದೊಯ್ಯುವ ಮೊದಲು ಹಪ್ಪಳ ತಲುಪಿತೇ ಎಂದು ವಿಚಾರಿಸಿ ಫೋನ್ ಬಂದಿತ್ತು. ಅಂಥ ವಂಶಕ್ಕೆ ಸೇರಿದ ನಾನು ಮೂರು ಕಿಲೋ ಭರಣಿಯನ್ನು ಹಗ್ಗದಿಂದ ಬಿಗಿದು ಹೊರಟೆ.

ಮಾಚೇನಹಳ್ಳಿ ದಾಟುವಷ್ಟರಲ್ಲಿ ಮಂಡಿ ನೋಯತೊಡಗಿತು. ನೋವು ಮರೆಯಲೆಂದು ಮೈಸೂರಿನಿಂದ ವಾಪಸಾದ ಮೇಲೆ ನಡೆಯಲಿರುವ ಸನ್ಮಾನ ಸಮಾರಂಭವನ್ನು ನೆನೆದೆ. ಅಂಥದ್ದನ್ನು ಏರ್ಪಡಿಸುವುದಾಗಿ ಯಾರೂ ಹೇಳಿರಲಿಲ್ಲ, ಆದರೆ ಅದು ನನಗೆ ಅಡ್ಡಿಯಾಗಲಿಲ್ಲ. ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ರಜೆ ಕೊಡಲು ಸತಾಯಿಸಿದ ನಮ್ಮ ಮ್ಯಾನೇಜರನ್ನು ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಮೈಕ್ ಹಿಡಿದು, "ಏಕಾಂತವೇ ನನ್ನ ಗುರು. ಹೊರಟ ಯಾತ್ರಿಕ ಹಿಂದಕ್ಕೆ ತಿರುಗಬಾರದು" ಎಂದಾಗ ನನಗೇ ಕಣ್ಣು ತುಂಬಿತು. ಹಿಂದಿನಿಂದ ಬಸ್ಸಿನವನು ಒಂದೇ ಸಮನೆ ಹಾರ್ನ್ ಮಾಡಿದ್ದನ್ನು ಚಪ್ಪಾಳೆ ಎಂದೇ ಸ್ವೀಕರಿಸಿದೆ.

ರಸ್ತೆಯ ಗುಂಡಿಯೊಂದಕ್ಕೆ ಚಕ್ರ ಇಳಿದಾಗ ಇಂಗು, ಸಾಸಿವೆಯ ಘಾಟು ಮೂಗಿಗೆ ಬಡಿದು ಎಚ್ಚರವಾಯಿತು. ಭರಣಿಯ ಬಾಯಿಂದ ಎಣ್ಣೆ ಇಳಿದು ಅರ್ಧ ಟವೆಲಿಗೆ ಹತ್ತಿತ್ತು. ಎದುರಿನ ಕಲ್ಲು ತರೀಕೆರೆಯ ದೂರ ತೋರಿಸುತ್ತಿತ್ತು. ಭಾಷಣದ ಭರದಲ್ಲಿ ಭದ್ರಾವತಿಯನ್ನು ದಾಟಿ ಎಂಟು ಕಿಲೋಮೀಟರ್ ಮುಂದೆ ಬಂದುಬಿಟ್ಟಿದ್ದೆ. ಫೋನ್ ತೆಗೆದರೆ ಸುಮಿತ್ರಾಳ ಒಂಬತ್ತು ಕರೆಗಳು.

"ಎಲ್ಲಿದ್ದೀರ್ರೀ? ಚಿಕ್ಕಮ್ಮ ಅಡಿಗೆ ಮಾಡಿಟ್ಕೊಂಡು ಕಾಯ್ತಿದಾರೆ. ನೀವು ಹೋಗೋವರೆಗೂ ಇಬ್ರೂ ಊಟಕ್ಕೆ ಏಳಲ್ಲ. ಚಿಕ್ಕಮ್ಮಂಗೆ ಶುಗರ್ ಬೇರೆ."

ಯಾತ್ರಿಕ ಹಿಂದಕ್ಕೆ ತಿರುಗಿದ.

ಚಿಕ್ಕಪ್ಪ, ಅಂದರೆ ಸುಮಿತ್ರಾಳ ಈ ಚಿಕ್ಕಮ್ಮನ ಯಜಮಾನರು, ಕಾಗದದ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಮಿಲ್ಲು ನಿಂತು ವರ್ಷಗಳೇ ಆದವು. ಈಗ ಅವರಿಗೆ ಅರವತ್ತೆಂಟು. ಮನೆಯ ಗೇಟಿನಲ್ಲಿ ನಿಂತಿದ್ದವರು ನನ್ನ ಮುಖ ನೋಡುವ ಮೊದಲು ಸೈಕಲ್ ನೋಡಿದರು.

"ಅಳಿಯಂದ್ರೆ, ಈ ಸೀಟು ಇಷ್ಟು ಕೆಳಗೆ ಇಟ್ಟೋರು ಯಾರು?"

"ನಾನೇ."

"ಮಂಡಿ ನೋಯ್ತಿರ್ಬೇಕಲ್ಲ. ಇಲ್ಲಿವರೆಗೆ ಬಂದಿದ್ದೇ ದೊಡ್ಡದು," ಎಂದು ಒಳಗಿನಿಂದ ಸ್ಪ್ಯಾನರ್ ತಂದು ಸೀಟನ್ನು ಎರಡು ಬೆರಳು ಎತ್ತರಿಸಿದರು.

ಊಟದ ಮೇಲೆ ಜಗಲಿಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ನಿಂತ ಅವರ ಸೈಕಲ್ ನೋಡಿದೆ. ಚೈನು ಎಣ್ಣೆ ಕುಡಿದು ಮಿರುಗುತ್ತಿತ್ತು. ಚಿಕ್ಕಮ್ಮ ಮಜ್ಜಿಗೆ ಕೊಡುತ್ತ ದನಿ ತಗ್ಗಿಸಿ ಹೇಳಿದರು: "ದಿನಾ ಒರೆಸ್ತಾರೆ, ಎಣ್ಣೆ ಬಿಡ್ತಾರೆ. ಹತ್ತಲ್ಲ. ಕೇಳಿದ್ರೆ, ಮಿಲ್ಲೇ ನಿಂತೋಯ್ತು, ಹೋಗೋದಾದ್ರೂ ಎಲ್ಲಿಗೆ ಅಂತಾರೆ. ಮೊದಲಿನ ಹಾಗೆ ಮಾತೂ ಇಲ್ಲ ಕಣ್ರೀ."

ನನಗೆ ಸಂಕಟವಾಯಿತು. ಹೊರಗೆ ಬಂದು ಚೀಲ ಕಟ್ಟುತ್ತಿದ್ದಾಗ ಚಿಕ್ಕಪ್ಪ ನನ್ನ ಚಕ್ರವನ್ನೇ ನೋಡುತ್ತ, "ತರೀಕೆರೆ ಕಡೆ ರಸ್ತೆ ಈಗ ಹೇಗಿದೆ?" ಎಂದರು. ಮೂವತ್ತು ವರ್ಷ ಮನೆಯಿಂದ ಮಿಲ್ಲಿನ ಗೇಟಿಗೆ, ಗೇಟಿನಿಂದ ಮನೆಗೆ ತುಳಿದ ಮನುಷ್ಯ. ಅವರಿಗೆ ಬೇಕಾದ ಉತ್ತರ ರಸ್ತೆಯದಲ್ಲ ಎಂದು ನನ್ನಂಥವನಿಗೂ ತಿಳಿಯಿತು. ಆದರೆ ನನ್ನ ಏಕಾಂಗಿ ಯಾತ್ರೆಯ ಗತಿ? ಆ ಭಾಷಣ? ಮೂರನೇ ಸಾಲಿನ ಮ್ಯಾನೇಜರು? ಒಂದು ಗಂಟನ್ನೇ ಮೂರು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ, "ನೀವೇ ಬಂದು ನೋಡಿ ಚಿಕ್ಕಪ್ಪ. ಒಬ್ಬನೇ ಹೋಗೋಕೆ ಬೇಜಾರು," ಎಂದುಬಿಟ್ಟೆ.

"ಒಬ್ರೇ ಹೋಗ್ಬೇಕು ಅಂತ ಹಟ ಹಿಡಿದಿದೀರಿ ಅಂದ್ಲಲ್ಲ ಸುಮಿತ್ರಾ?"

"ಜೊತೆ ಯಾರೂ ಸಿಗ್ಲಿಲ್ಲ, ಅದಕ್ಕೇ ಹಾಗೆ ಹೇಳ್ತಿದ್ದೆ."

"ಹಾಗಾದ್ರೆ ತರೀಕೆರೆವರೆಗೆ ಬಿಟ್ಟು ಬರ್ತೀನಿ," ಎಂದವರು ಪಂಚೆ ಬಿಟ್ಟು ಪ್ಯಾಂಟು ಹಾಕಿ, ಕಾಲಿಗೆ ಹಳೆಯ ಸೈಕಲ್ ಕ್ಲಿಪ್ಪು ಸಿಕ್ಕಿಸಿಕೊಂಡು ಎರಡೇ ನಿಮಿಷದಲ್ಲಿ ಬಂದರು. ಚಿಕ್ಕಮ್ಮ ಒಳಗೆ ಹೋಗಿ, ಶಿಫ್ಟಿನ ದಿನಗಳಲ್ಲಿ ಮಾಡುತ್ತಿದ್ದಂತೆ, ಊಟದ ಕ್ಯಾರಿಯರನ್ನು ಅವರ ಹ್ಯಾಂಡಲ್ಲಿಗೆ ತೂಗುಹಾಕಿದರು. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, "ಹೇಗೂ ಹೋಗ್ತೀರಲ್ಲ, ಕಡೂರಿನ ನಮ್ಮ ನಾದಿನಿಗೆ ಸ್ವಲ್ಪ ಸಂಡಿಗೆ," ಎಂದು ಭರಣಿ ಇಳಿದ ಜಾಗಕ್ಕೆ ಒಂದು ಡಬ್ಬ ಏರಿಸಿದರು.

ನನ್ನದು ಇಪ್ಪತ್ತೊಂದು ಗೇರಿನ ಸೈಕಲ್. ಅವರದಕ್ಕೆ ಇದ್ದದ್ದು ಬೆಲ್ಲು ಮಾತ್ರ. ಆದರೂ ತರೀಕೆರೆಯವರೆಗೆ ನನಗೆ ಕಂಡದ್ದು ಚಿಕ್ಕಪ್ಪನ ಬೆನ್ನು. ನಡುನಡುವೆ ಮರದ ನೆರಳಿನಲ್ಲಿ ನಿಂತು ನನಗಾಗಿ ಕಾಯುತ್ತಿದ್ದರು. ನಾನು ಸೇರಿಕೊಂಡಾಗ ಯಾವುದೋ ಶಿಫ್ಟಿನ, ಯಾವುದೋ ಗೆಳೆಯನ ಕಥೆ ತೆಗೆಯುತ್ತಿದ್ದರು. ಮಾತಿಲ್ಲದ ಮನುಷ್ಯರೆಂದು ಚಿಕ್ಕಮ್ಮ ಹೇಳಿದ್ದು ಇವರನ್ನೇ ಎಂದು ನಂಬಲಾಗಲಿಲ್ಲ. ಸಂಜೆ ತರೀಕೆರೆಯಲ್ಲಿ ಟೀ ಅಂಗಡಿಯವರು ನಮ್ಮ ಫೋಟೋ ತೆಗೆದುಕೊಟ್ಟರು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ‘ಅರವತ್ತೆಂಟರಲ್ಲಿ ಚಿಕ್ಕಪ್ಪನ ಸೈಕಲ್ ಯಾತ್ರೆ’ ಎಂದು ಸುಮಿತ್ರಾಳೇ ಮೊದಲು ಬರೆದಳು. ಅಭಿನಂದನೆಗಳ ಮಳೆ ಸುರಿಯಿತು. ‘ಹಿಂದೆ ಡಬ್ಬ ಹಿಡ್ಕೊಂಡು ನಿಂತಿರೋರು ಯಾರು?’ ಎಂದು ಒಬ್ಬರು ಕೇಳಿದರು. ‘ಸಾಮಾನು ನೋಡ್ಕೊಳ್ಳೋಕೆ ಬಂದೋರಿರ್ಬೇಕು’ ಎಂದು ನಮ್ಮ ಭಾವ, ಅದೇ ಆಪರೇಷನ್ನಿನ ಭಾವ, ಉತ್ತರ ಕೊಟ್ಟರು.

ಟೀ ಲೋಟ ಕೆಳಗಿಟ್ಟು ಚಿಕ್ಕಪ್ಪ ಕೇಳಿದರು, "ಅಳಿಯಂದ್ರೆ, ಇಲ್ಲಿಂದ ಕಡೂರು ಎಷ್ಟು ದೂರ?"

ತರೀಕೆರೆವರೆಗೆ ಬಿಡಲು ಬಂದವರು ನನ್ನನ್ನು ಮೈಸೂರಿನವರೆಗೂ ಬಿಟ್ಟರು. ಮಂಡಿ ಮತ್ತೆ ನೋಯಲಿಲ್ಲ. ಅರ್ಧ ಟವೆಲಿನಲ್ಲಿ ಇಬ್ಬರೂ ಉಪ್ಪಿನಕಾಯಿ ವಾಸನೆಯೊಂದಿಗೆ ಮೈ ಒರೆಸಿಕೊಂಡೆವು. ಏಕಾಂತವೇ ಗುರು ಎಂಬ ಆ ಭಾಷಣ ಮಾತ್ರ ಪೂರ್ತಿ ತಯಾರಾಗಿ ನನ್ನ ಬಳಿಯೇ ಉಳಿದಿದೆ. ನಿಮ್ಮಲ್ಲಿ ಯಾರಾದರೂ ಒಬ್ಬರೇ ದೂರ ಹೊರಟಿದ್ದರೆ ಹೇಳಿ. ಹೇಗೂ ಹೋಗ್ತೀರಲ್ಲ, ತೆಗೆದುಕೊಂಡು ಹೋಗಿಬಿಡಿ.